ಕಂಪ್ರೆಸರ್ ಮೇಷ್ಟ್ರ ತಪ್ಪು

ಪಾಠ ಹೇಳಿದವರಲ್ಲ, ಆದರೂ ಕಾರ್ಖಾನೆಗೆಲ್ಲ ಅವರು ಮೇಷ್ಟ್ರು. ಇಪ್ಪತ್ತೆಂಟು ವರ್ಷ ಏರ್ ಕಂಪ್ರೆಸರ್ ರಿಪೇರಿ ಮಾಡಿದವರು. ಸದ್ದು ಕೇಳಿಯೇ ರೋಗ ಹೇಳುತ್ತಾರೆಂಬ ಹೆಸರು ಬೇರೆ. ಆ ಹೆಸರೇ ತಲೆಗೇರಿತ್ತು.

ಒಂದು ದಿನ ದೊಡ್ಡ ಕಂಪ್ರೆಸರ್ ಹಟ ಹಿಡಿಯಿತು. ಟ್ಯಾಂಕು ತುಂಬಿ ಸೇಫ್ಟಿ ವಾಲ್ವ್ ಕಿರುಚುತ್ತಿದೆ, ಪರದೆಯಲ್ಲಿ ಮಾತ್ರ ಒತ್ತಡ ಅರ್ಧಕ್ಕೂ ಕಡಿಮೆ, ನಾಲ್ಕೇ ಬಾರ್. ಒತ್ತಡ ಅಳೆಯುವ ಸೆನ್ಸರ್ ಕೆಟ್ಟಿದೆ ಎಂದು ಮೇಷ್ಟ್ರು ಹೊಸದು ಹಾಕಿದರು. ಎರಡೇ ದಿನಕ್ಕೆ ಅದೇ ಗೋಳು. ಇನ್ನೊಂದು ಹಾಕಿದರು, ಅದೂ ಅಷ್ಟೇ. ಮ್ಯಾನೇಜರ್ ಕಾರಣ ಕೇಳಿದಾಗ ರಿಜಿಸ್ಟರಿನಲ್ಲಿ ಗೀಚಿದರು: "ಆಪರೇಟರ್ ನೀರು ಹಾಕಿ ತೊಳೆದು ಹಾಳು ಮಾಡಿದ್ದಾರೆ."

ಆಪರೇಟರ್ ಬೇರೆ ಯಾರೂ ಅಲ್ಲ, ಅವರ ಹೆಂಡತಿಯ ತಂಗಿ.

"ಭಾವ, ಒಣಬಟ್ಟೇಲಿ ಒರೆಸೋದು ಬಿಟ್ರೆ ನಾನದರ ತಂಟೆಗೇ ಹೋಗಿಲ್ಲ."

"ನನ್ನ ಕಿವಿಗೇ ಪಾಠ ಹೇಳ್ತೀಯಾ?"

"ಕಿವಿ ಚೆನ್ನಾಗೇ ಇದೆ ಭಾವ. ನನ್ನ ಮಾತೊಂದು ಕೇಳಿಸ್ತಿಲ್ಲ, ಅಷ್ಟೇ."

ಆರು ವರ್ಷ ಆ ಯಂತ್ರ ನಡೆಸಿದವಳನ್ನು ಮರುದಿನವೇ ಪ್ಯಾಕಿಂಗಿಗೆ, ರಟ್ಟಿನ ಡಬ್ಬ ಮಡಚಲು ಹಾಕಿದರು. ಕೈಗೆ ಸುಲಭವಾಗಿ ಸಿಗುವವರ ತಲೆಗೆ ಕಟ್ಟುವುದು ನಮ್ಮಲ್ಲಿ ಎಂದಾದರೂ ಕಷ್ಟವಾಗಿದೆಯೇ?

ಅವಳು ಹೋದ ಮೇಲೂ ಸೆನ್ಸರ್ ಕೈಕೊಟ್ಟಿತು. ಮೇಷ್ಟ್ರು ಯಂತ್ರ ನಿಲ್ಲಿಸಿ, ಗಾಳಿ ಪೂರ್ತಿ ಬಿಟ್ಟು, ಸೆನ್ಸರ್ ಬಿಚ್ಚಿ, ಅದು ಕೂರುವ ತೂತಿಗೆ ಮೊದಲ ಸಲ ಟಾರ್ಚ್ ಹಿಡಿದರು. ಒಳಗೆ ಬಿಳಿ ಟೇಪಿನ ಚೂರುಗಳ ಮುದ್ದೆ. ಗಾಳಿ ಸೋರದಂತೆ ಸೆನ್ಸರಿನ ತಿರುಪಿಗೆ ಸುತ್ತುವ ಟೇಪು. ತಿರುಪಿನ ತುದಿಯ ಒಂದೆರಡು ಸುತ್ತು ಖಾಲಿ ಬಿಡಬೇಕು, ಇಲ್ಲದಿದ್ದರೆ ಚೂರು ಒಳಗೆ ಬಿದ್ದು ಸೆನ್ಸರಿಗೆ ಗಾಳಿ ತಲುಪದಂತೆ ತೂತು ಕಟ್ಟಿಕೊಳ್ಳುತ್ತದೆ. "ಇರಲಿ ಬಿಡು" ಎಂದು ತುದಿಯವರೆಗೂ ಸುತ್ತುವುದು ಯಾರ ಚಾಳಿ ಎಂದು ಯಾರನ್ನೂ ಕೇಳಬೇಕಿರಲಿಲ್ಲ. ಬಿಸಾಕಿದ್ದ ಹಳೆ ಸೆನ್ಸರುಗಳನ್ನು ಪರೀಕ್ಷಿಸಿದರು. ಎಲ್ಲವೂ ಸರಿಯಾಗಿದ್ದವು.

"ಏನಾಗಿತ್ತು ಮೇಷ್ಟ್ರೇ?" ಬಾಗಿಲಿನಿಂದ ಮ್ಯಾನೇಜರ್.

"ಸರಿಹೋಯ್ತು ಸಾರ್."

ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ತಮ್ಮ ಬಾಯಿಯ ಮೇಲೆ ತಮಗೇ ಹೇಸಿಗೆಯಾಯಿತು.

ಪ್ಯಾಕಿಂಗಿಗೆ ಹೋಗಿ ನಾದಿನಿಯ ಪಕ್ಕ ಬಗ್ಗಿ ಪಿಸುಗುಟ್ಟಿದರು: "ತಪ್ಪು ನಂದೇ ಕಣಮ್ಮ."

ಅವಳು ಡಬ್ಬ ಮಡಚುವುದನ್ನು ನಿಲ್ಲಿಸಲಿಲ್ಲ. "ಬರೆಯುವಾಗ ಇಷ್ಟು ಮೆಲ್ಲಗೆ ಬರೆದಿರಲಿಲ್ಲವಲ್ಲ ಭಾವ ನೀವು."

ಮೇಷ್ಟ್ರು ಸೀದಾ ಆಫೀಸಿಗೆ ನಡೆದು ರಿಜಿಸ್ಟರ್ ಎಳೆದುಕೊಂಡರು. ಹಳೆ ಸಾಲಿನ ಕೆಳಗೆ ದಪ್ಪಕ್ಷರದಲ್ಲಿ ಬರೆದರು: "ಆಪರೇಟರ್ ತಪ್ಪಿಲ್ಲ. ಟೇಪು ತಪ್ಪಾಗಿ ಸುತ್ತಿದವನು ನಾನು."

ಮ್ಯಾನೇಜರ್ ನಕ್ಕ. "ಮನೆಯವರ ವಿಷಯ, ಒಳಗೊಳಗೇ ಮುಗಿಸಿಕೊಳ್ಳಿ."

"ತಪ್ಪು ಹೊರಿಸಿದ್ದು ಹೊರಗೆ, ಎಲ್ಲರೆದುರು ಸಾರ್. ಸಹಿ ಹಾಕಿ, ಅವಳನ್ನ ಯಂತ್ರಕ್ಕೆ ವಾಪಸ್ ಕಳಿಸಿ."

ಸಹಿ ಬೀಳುವವರೆಗೂ ಅವರು ತಲೆ ಎತ್ತಲಿಲ್ಲ.