ಐದನೆಯ ಪೆಟ್ಟು

ನನ್ನ ಗಂಡ ಕಲ್ಲು ಕಡಿಯುವವರು. ಇಪ್ಪತ್ತೆರಡು ವರ್ಷ ಒಂದೇ ಶೆಡ್ಡಿನಲ್ಲಿ ಮೆಟ್ಟಿಲುಗಲ್ಲು, ಹೊಸ್ತಿಲುಗಲ್ಲು ಕಡಿದರು. ಮನೆಗೆ ಬಂದರೆ ಹುಬ್ಬಿನಲ್ಲೂ ಬಿಳಿ ಪುಡಿ. ಮಾತು ಕಡಿಮೆ. ಉಳಿಯ ಮೇಲೆ ಎಷ್ಟು ಪೆಟ್ಟು ಬೀಳಬೇಕು, ಯಾವುದು ಜೋರು ಎಂದು ಬೆರಳಲ್ಲೇ ತಟ್ಟಿ ನೋಡುವ ಚಾಳಿ.

ಕೊನೆಯ ವರ್ಷ ಆ ಬೆರಳು ಒಂದೇ ಲೆಕ್ಕ ಹಿಡಿಯಿತು. ನಾಲ್ಕು ಮೆಲ್ಲಗೆ, ಐದನೆಯದು ಜೋರು, ಆರನೆಯದು ಮತ್ತೆ ಮೆಲ್ಲಗೆ. ಊಟಕ್ಕೆ ಕೂತರೆ ತಟ್ಟೆಯಂಚಿಗೆ, ಗಡ್ಡ ಮಾಡುವಾಗ ಗೋಡೆಗೆ. ಗೋಡೆಯಾಚೆ ಒಬ್ಬಂಟಿ ಟೈಲರಮ್ಮ. ನನಗೆ ಅನುಮಾನ ಬಂತು.

“ಯಾರಿಗ್ರೀ ಸುದ್ದಿ ಕಳಿಸ್ತಿರೋದು?”

“ಹೋಗೇ. ಕೆಮ್ಮೋ ಮುದುಕನ್ನ ಇಟ್ಕೊಂಡು ಆಯಮ್ಮ ಏನ್ ಮಾಡ್ತಾಳೆ, ಹೊಲಿಗೆ ಹಾಕ್ತಾಳಾ?”

ಕೆಮ್ಮಿನ ಮೇಲೂ ಅನುಮಾನವೇ. ಕದ್ದು ಬೀಡಿ ಸೇದುತ್ತಾರೆಂದು ದಿನಾ ಅಂಗಿ ಮೂಸಿದೆ, ಜೇಬು ತಡಕಿದೆ. ಪುಡಿ ಬಿಟ್ಟು ಏನೂ ಸಿಗಲಿಲ್ಲ. ಬಚ್ಚಿಡುವುದರಲ್ಲಿ ಜಾಣ ಎಂದುಕೊಂಡೆ.

ಅವರು ಹೋಗಿ ಎರಡು ವಾರಕ್ಕೆ ಶೆಡ್ಡಿನ ಗುಮಾಸ್ತ ಕಾಗದ ತಂದ. ಬೀಡಿ ಚಟದಿಂದ ಸತ್ತರೆಂದು ಅದರಲ್ಲಿತ್ತು.

“ಇಲ್ಲೊಂದು ಸಹಿ ಹಾಕಿ ಅಕ್ಕ. ನೀವೇ ಊರಿಗೆಲ್ಲ ಹೇಳ್ತಿದ್ರಲ್ಲ, ಬೀಡಿ ಅಂತ.”

ಹೌದು, ಹೇಳಿದ್ದೆ. ಅದನ್ನು ಇವನು ಇಷ್ಟು ಬೇಗ ನಂಬಿದ್ದು ನನಗೆ ಸರಿಕಾಣಲಿಲ್ಲ. ನಾಳೆ ಬಾ ಎಂದೆ.

ಉಳಿಯ ಚೀಲ ಸುರಿದೆ. ತಳದಲ್ಲಿ ಆಸ್ಪತ್ರೆಯ ಚೀಟಿ. ನಮ್ಮ ಅಕ್ಷರದಲ್ಲಿ ಬರೆದ ಒಂದು ಇಂಗ್ಲಿಷ್ ಮಾತು, ಗೀಟು ಹಾಕಿ ಆರು ತುಂಡು ಮಾಡಿದ್ದು: ನ್ಯೂ–ಮೊ–ಕೋ–ನಿ–ಓ–ಸಿಸ್. ‘ಓ’ ಕೆಳಗೆ ಎರಡು ಗೆರೆ. ಹಿಡಿದುಕೊಂಡು ಆಗಲೇ ಆಸ್ಪತ್ರೆಗೆ ಹೋದೆ.

ನರ್ಸಮ್ಮ ಚೀಟಿ ಗುರುತು ಹಿಡಿದರು. “ಅವರಿಗೆ ನಾಲಿಗೆ ತಿರುಗ್ತಿರಲಿಲ್ಲಮ್ಮ. ಉಳಿ ಪೆಟ್ಟಿನ ಥರ ಕಲೀರಿ, ಐದನೇದು ಒತ್ತಿ ಹೇಳಿ ಅಂದೆ. ನ್ಯೂಮೊ ಅಂದ್ರೆ ಶ್ವಾಸಕೋಶ, ಕೋನಿ ಅಂದ್ರೆ ಧೂಳು, ಓಸಿಸ್ ಅಂದ್ರೆ ರೋಗ. ಧಣಿ ಮುಂದೆ ತಪ್ಪಿದ್ರೆ ನಗ್ತಾರೆ, ಸರಿಯಾಗಿ ಕಲಿತೇ ಹೋಗಿ ಪರಿಹಾರ ಕೇಳ್ತೀನಿ ಅಂತಿದ್ರು. ಅಷ್ಟರಲ್ಲಿ ಹಾಸಿಗೆ ಹಿಡಿದ್ರು.”

“ನಂಗ್ಯಾಕೆ ಹೇಳ್ಲಿಲ್ಲ?”

“ಗೊತ್ತಾದ್ರೆ ಅವಳು ಕೆಲಸಕ್ಕೆ ಕಳ್ಸಲ್ಲ ಅಂದ್ರು.”

ನಿಜ. ಕಳಿಸುತ್ತಿರಲಿಲ್ಲ.

ಮರುದಿನ ಗುಮಾಸ್ತ ಬಂದು ಕಾಗದ ಬಿಡಿಸಿದ. ನಾನು ಮೇಜಿನ ಮೇಲೆ ತಟ್ಟುತ್ತಾ ಆ ಮಾತು ಹೇಳಿದೆ. ಐದನೆಯದಕ್ಕೆ ಅವನು ತಲೆಯೆತ್ತಿದ.

“ಯಾರಕ್ಕ ಹೇಳ್ಕೊಟ್ಟಿದ್ದು?”

“ನಮ್ಮನೆಯವ್ರು. ಇದನ್ನ ಬರ್ಕೊಂಡು ಬಾ, ಸಹಿ ಹಾಕ್ತೀನಿ.”

ಕಾಗದ ಮಡಚಿಕೊಂಡು ಹೋದ. ಏನು ಬರೆದು ತರುತ್ತಾನೋ, ನನಗೆ ನಂಬಿಕೆಯಿಲ್ಲ. ಆರೂ ತುಂಡನ್ನು ಚೀಟಿಗೆ ತಾಳೆ ನೋಡಿಯೇ ಸಹಿ. ಅವರ ಕೊನೆಯ ಅಂಗಿಯಲ್ಲಿ ಪುಡಿ ಹಾಗೇ ಇದೆ. ಒಗೆದಿಲ್ಲ.