ಭೋಂಗಾ ಯಾವ ಕಡೆ ಮುಖ ಮಾಡಬೇಕು?

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಕಲ್ಯಾಣದ ಕೋಟೆಯ ಕೆಳಗಿನ ಓಣಿಯಲ್ಲಿ, ತಮ್ಮ ಮನೆಯ ಪಡಸಾಲೆಯಲ್ಲಿ ಲಾಲ್ ಅಹ್ಮದ್ ಎರಡು ಯಂತ್ರಗಳ ನಡುವೆ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಎಡಕ್ಕಿರುವುದು ದೊಡ್ಡ ಆಂಪ್ಲಿಫೈಯರು. ಅದಕ್ಕೆ ಕಹಳೆಯಂತೆ ಬಾಯಿ ತೆರೆದ ಎರಡು ತಗಡಿನ ಭೋಂಗಾ, ಪೆಟ್ರೋಲು ಕುಡಿಯುವ ಒಂದು ಡೈನಮೊ, ಊರಾಚೆಗೂ ಕೇಳುತ್ತದೆ. ಬಲಕ್ಕಿರುವುದು ಹಳೆಯ ರೇಡಿಯೊ ಬಿಚ್ಚಿ ತಾವೇ ಕಟ್ಟಿಕೊಂಡ ಸಣ್ಣದು. ಮೋಟಾರಿನ ಒಂದು ಬ್ಯಾಟರಿ, ಸಾಗವಾನಿ ಪೆಟ್ಟಿಗೆಯೊಳಗೆ ಕೂರಿಸಿದ ಒಂದು ಸ್ಪೀಕರು, ಅಷ್ಟೇ ಅದರ ಸಂಸಾರ. ಏಳಕ್ಕೆ ಹುಮನಾಬಾದಿನ ಬಸ್ಸು. ಎರಡರಲ್ಲಿ ಒಂದನ್ನು ಒಯ್ಯಬೇಕು. ಬೆಳಗಿನ ನಮಾಜು ಮುಗಿಸಿ ಬಂದಾಗಿನಿಂದ ಒಮ್ಮೆ ಅದನ್ನು ಮುಟ್ಟುತ್ತಾರೆ, ಒಮ್ಮೆ ಇದನ್ನು ಮುಟ್ಟುತ್ತಾರೆ. ಹೆಂಡತಿ ಬೀಬಿಜಾನ ಚಹಾ ತಂದಿಟ್ಟು, ನನ್ನನ್ನು ಮದುವೆಯಾಗಲು ಒಪ್ಪಿಕೊಂಡಾಗಲೂ ಇಷ್ಟು ಹೊತ್ತು ಯೋಚಿಸಿರಲಿಲ್ಲ ಎಂದು ಛೇಡಿಸಿ ಒಳಗೆ ಹೋದರು. ಲಾಲ್ ಅಹ್ಮದರಿಗೆ ನಗು ಬರಲಿಲ್ಲ. ಚಹಾ ಕೆನೆಗಟ್ಟಿದರೂ ಹಾಗೇ ಕುಳಿತಿದೆ.

ವಯಸ್ಸು ನಲವತ್ತೊಂದು. ಮೊದಲು ಪೆಟ್ರೊಮ್ಯಾಕ್ಸ್ ದೀಪ ರಿಪೇರಿ ಮಾಡುತ್ತಿದ್ದವರು. ಹೈದರಾಬಾದಿನ ರೇಡಿಯೊ ಅಂಗಡಿಯೊಂದರಲ್ಲಿ ನಾಲ್ಕು ವರ್ಷ ನೆಲ ಗುಡಿಸುತ್ತ, ಕದ್ದು ನೋಡುತ್ತ, ಕೈ ಸುಟ್ಟುಕೊಳ್ಳುತ್ತ ವಿದ್ಯೆ ಕಲಿತು ಬಂದರು. ಈಗ ಕಲ್ಯಾಣದಿಂದ ಹುಮನಾಬಾದಿನವರೆಗೆ ಮದುವೆಯಿರಲಿ, ಉರುಸಿರಲಿ, ಭಜನೆಯಿರಲಿ, ಭೋಂಗಾ ಎಂದರೆ ಲಾಲ್ ಅಹ್ಮದ್. ತಿಂಗಳಿಗೆ ಎಂಟೋ ಒಂಬತ್ತೋ ಕಾರ್ಯಕ್ರಮ. ಬ್ಯಾಟರಿ ಆರು ತಾಸು ಬರುತ್ತದೆ, ಆಮೇಲೆ ಎಣ್ಣೆ ಗಿರಣಿಯ ಎಂಜಿನ್ನಿಗೆ ಹಚ್ಚಿ ಮತ್ತೆ ಹುರುಪು ತುಂಬಬೇಕು. ದನಿ ದೊಡ್ಡದು ಮಾಡುವ ಗಾಜಿನ ವಾಲ್ವು ಐದು. ಮಹಾಯುದ್ಧದ ಲಡಾಯಿಯ ಕಾಲದಲ್ಲಿ ಅದರಲ್ಲೊಂದು ಸುಟ್ಟುಹೋಗಿ, ಬದಲಿಗೆ ಇನ್ನೊಂದು ಸಿಗದೆ, ಹನ್ನೊಂದು ತಿಂಗಳು ಮತ್ತೆ ದೀಪದ ಮುಂದೆ ಕುಳಿತಿದ್ದರು. ಅಂದಿನಿಂದ ವಾಲ್ವುಗಳು ಹತ್ತಿ ತುಂಬಿದ ಡಬ್ಬಿಯಲ್ಲಿ ಅವರ ತೊಡೆಯ ಮೇಲೆಯೇ ಪ್ರಯಾಣ ಮಾಡುತ್ತವೆ.

ಆದರೆ ಇವತ್ತಿನ ಚಿಂತೆ ವಾಲ್ವಿನದಲ್ಲ, ಪಂಡರಿಯದು.

ಪಂಡರಿ ಮಂಠಾಳದ ಒಕ್ಕಲಿನವನು, ಇಪ್ಪತ್ತಾರರ ಹುಡುಗ. ಲಡಾಯಿಯ ದಿನಗಳಲ್ಲಿ ಸಿಕಂದರಾಬಾದಿನ ದಂಡಿನ ಕ್ಲಬ್ಬಿನಲ್ಲಿ ಅಡುಗೆಯವರ ಕೈಕೆಳಗಿದ್ದ. ತಾಯ್ನಾಡಿಗೆ ಹೊರಟ ಗೋರಾ ಸಾಹೇಬನೊಬ್ಬ ತನ್ನ ಗಿಟಾರನ್ನು ಅವನ ಕೈಗಿಟ್ಟು ಹೋದ. ಆರು ತಂತಿಯ ಆ ವಿಲಾಯತಿ ವಾದ್ಯದ ಮೇಲೆ ಈ ಮಹರಾಯ ನಮ್ಮ ಭಜನೆಯ ಧಾಟಿಗಳನ್ನು ನುಡಿಸುತ್ತಾನೆ. ಮನೆಯ ಕಟ್ಟೆಯ ಮೇಲೆ ಕುಳಿತು ನುಡಿಸಿದರೆ ಕೇಳಿದವರ ಎದೆ ಕರಗುತ್ತದೆ. ಹತ್ತು ಜನ ಸೇರಿ ಪಕ್ಕದಲ್ಲೊಂದು ತಬಲಾ ಶುರುವಾಯಿತೋ, ಗಿಟಾರು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅದಕ್ಕೆ ಮೈಕು ಬೇಕೇ ಬೇಕು.

ಹೋದ ವರ್ಷ ಮಂಠಾಳದಲ್ಲಿ ಲಾಲ್ ಅಹ್ಮದರೇ ಮೈಕು ಕೊಟ್ಟರು. ಈ ಸೀಮೆಯಲ್ಲೊಂದು ಪದ್ಧತಿಯಿದೆ. ಊರ ಹಿರಿಯರು ಹಾಡುವವರ ಜೊತೆಯಲ್ಲೇ, ವೇದಿಕೆಯ ಮೇಲೆ ಕೂರುತ್ತಾರೆ. ಭೋಂಗಾದ ಬಾಯಿ ಅವರ ಕಡೆಗಿರಬೇಕು. ಬೆನ್ನು ತೋರಿಸಿದರೆ ಹಿರಿಯರಿಗೆ ಅವಮಾನ. ಭೋಂಗಾದಿಂದ ಹೊರಟ ಸದ್ದು ತಿರುಗಿ ಮೈಕಿನೊಳಗೆ ಹೊಕ್ಕರೆ ಯಂತ್ರ ಚೀರುತ್ತದೆ ಎಂಬುದು ಲಾಲ್ ಅಹ್ಮದರಿಗೆ ಗೊತ್ತಿಲ್ಲದ್ದೇನಲ್ಲ. ಗಂಟಲು ಗಟ್ಟಿಯಿರುವ ಹಾಡುಗಾರರಿಗೆ ದನಿ ಏರಿಸುವ ಗುಂಡಿಯನ್ನು ಸ್ವಲ್ಪವೇ ತಿರುಗಿಸಿ ಹೇಗೋ ದಾಟಿಸಿಕೊಂಡು ಬಂದಿದ್ದರು. ಗಿಟಾರಿನ ದನಿ ಸಣ್ಣದು, ಗುಂಡಿಯನ್ನು ಪೂರ್ತಿ ತೆರೆಯಬೇಕಾಯಿತು. ಪಂಡರಿ ಮೊದಲ ತಂತಿ ಮೀಟಿದ್ದೇ ತಡ, ಭೋಂಗಾ ಕತ್ತು ಹಿಸುಕಿದಂತೆ ಕಿರುಚಿತು. ಕೂಸುಗಳು ಅತ್ತವು, ದೊಡ್ಡವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನೇಗಿಲು ಹಿಡಿಯುವ ಕೈಗೆ ಸಾಹೇಬರ ವಾದ್ಯ ಯಾಕೆ ಬೇಕಿತ್ತು ಎಂದು ಯಾರೋ ಮೂಗು ಮುರಿದರು. ಪಂಡರಿ ಅದನ್ನೇ ನಂಬಿಬಿಟ್ಟ.

ಲಾಲ್ ಅಹ್ಮದ್ ಆ ಹೊತ್ತಿನಲ್ಲಿ ಬಾಯಿ ಬಿಡಲಿಲ್ಲ. ತಪ್ಪು ತಮ್ಮದು ಎಂದರೆ ಕೆಲಸ ಹೋದೀತು, ಪದ್ಧತಿಯದು ಎಂದರೆ ಹಿರಿಯರು ಮುನಿದಾರು. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎನ್ನುತ್ತಲೇ ಒಂದು ವರ್ಷ ಕಳೆದುಹೋಯಿತು. ಈಗ ಹುಮನಾಬಾದಿನಲ್ಲಿ ಹೊಸ ವಾಚನಾಲಯ ತೆರೆಯುತ್ತಿದ್ದಾರೆ, ಗಿಟಾರು ನುಡಿಸಲು ಪಂಡರಿಗೆ ಕರೆ ಬಂದಿದೆ. ಇಲ್ಲಿಯೂ ಮಂಠಾಳದ ಹಾಗೇ ಆದರೆ ಗಿಟಾರನ್ನು ಸಿಕಂದರಾಬಾದಿಗೆ ಒಯ್ದು ಮಾರಿಬಿಡುತ್ತೇನೆ ಎಂದು ಅವನು ತಾಯಿಯೆದುರು ಆಣೆ ಮಾಡಿದ್ದಾನಂತೆ. ಅದನ್ನು ಕೇಳಿದಾಗಿನಿಂದ ಲಾಲ್ ಅಹ್ಮದರಿಗೆ ಊಟ ರುಚಿಸುತ್ತಿಲ್ಲ.

ಕೊನೆಗೆ ಸಣ್ಣದನ್ನೇ ಎತ್ತಿಕೊಂಡರು. ಭೋಂಗಾದ ತಗಡಿನ ಗಂಟಲಲ್ಲಿ ದಪ್ಪ ತಂತಿಗಳ ದನಿ ಸತ್ತುಹೋಗುತ್ತದೆ, ಕಟ್ಟಿಗೆಯ ಪೆಟ್ಟಿಗೆಯಲ್ಲಿ ಉಳಿಯುತ್ತದೆ. ಡೈನಮೊ ಇದ್ದರೆ ಅದರ ಗಡಗಡವೇ ಮೈಕಿಗೆ ಬೀಳುತ್ತದೆ, ಬ್ಯಾಟರಿಗೆ ಆ ರಗಳೆಯಿಲ್ಲ. ಕೂರುವವರು ಇನ್ನೂರು ಜನ, ಅವರಿಗೆ ಊರಾಚೆ ಕೇಳುವ ಯಂತ್ರ ಯಾತಕ್ಕೆ? ಲೆಕ್ಕವೆಲ್ಲ ಸರಿ. ಆದರೂ ಬಸ್ಸು ಹತ್ತುವ ಮುಂಚೆ ಡಬ್ಬಿ ತೆರೆದು ವಾಲ್ವು ಎಣಿಸಿದರು, ಹತ್ತಿದ ಮೇಲೆ ಮತ್ತೆ ಎಣಿಸಿದರು. ಮೈಕು ಹಚ್ಚಲು ಪೊಲೀಸರಿಂದ ಪಡೆದ ಇಜಾಜತ್ ಚೀಟಿ ಕಿಸೆಯಲ್ಲಿದೆಯೇ ಎಂದು ದಾರಿಯುದ್ದಕ್ಕೂ ಮುಟ್ಟಿ ನೋಡಿಕೊಂಡರು.

ಪಂಡರಿ ಪಕ್ಕದಲ್ಲೇ ಕುಳಿತಿದ್ದಾನೆ. ಅವನ ಬೆರಳ ತುದಿಗಳು ಕೆಂಪಗೆ ಸುಲಿದಿವೆ. ಒಕ್ಕಲುತನದ ಒರಟು ಚರ್ಮದಿಂದಲೇ ತಂತಿ ಕಿರುಚಿತು ಎಂದುಕೊಂಡು, ಒಂದು ವರ್ಷದಿಂದ ದಿನಾ ಬಿಸಿ ಉಪ್ಪುನೀರಿನಲ್ಲಿ ಕೈ ನೆನೆಸಿ, ಕಲ್ಲಿನಿಂದ ತಿಕ್ಕಿಕೊಳ್ಳುತ್ತಿದ್ದಾನೆ. "ಈಗ ಮೆತ್ತಗ ಆಗ್ಯಾವ ನೋಡ್ರಿ ಚಾಚಾ" ಎಂದು ಕೈ ಚಾಚಿದ. ದಾರಿಯ ರಾಜೇಶ್ವರ ಊರು ದಾಟುವ ತನಕ ಲಾಲ್ ಅಹ್ಮದ್ ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ.

ಮಧ್ಯಾಹ್ನ ನಾಲ್ಕಕ್ಕೆ ಹುಮನಾಬಾದಿನ ಬಜಾರಿನಲ್ಲಿ, ವಾಚನಾಲಯದ ಮುಂದೆ ಜನ ಸೇರಿದ್ದಾರೆ. ಲಾಲ್ ಅಹ್ಮದ್ ಮೈಕನ್ನು ಗಿಟಾರಿನ ಹೊಟ್ಟೆಗೆ ಒಂದು ಗೇಣು ದೂರದಲ್ಲಿ ನಿಲ್ಲಿಸಿದ್ದಾರೆ. ಪೆಟ್ಟಿಗೆಯನ್ನು ವೇದಿಕೆಯಿಂದ ಹನ್ನೆರಡು ಮೊಳ ಮುಂದೆ, ಒಂದು ಮೇಜಿನ ಮೇಲೆ, ಜನರ ಕಡೆಗೆ ಮುಖ ಮಾಡಿ ಇಟ್ಟಿದ್ದಾರೆ. ತಮ್ಮ ಯಂತ್ರದೊಂದಿಗೆ ವೇದಿಕೆಯ ಬಗಲಿಗೆ ಕುಳಿತಿದ್ದಾರೆ. ಕಾರ್ಯಕ್ರಮದ ಯಜಮಾನ ದತ್ತಾತ್ರಿ ಸಾವುಕಾರರು, ಕಾಳಿನ ವ್ಯಾಪಾರಿ. ಭೋಂಗಾ ಇಲ್ಲದ್ದನ್ನು ಕಂಡಾಗಲೇ ಅವರ ಮುಖ ಸಪ್ಪಗಾಗಿತ್ತು. ವೇದಿಕೆಯ ಮೇಲೆ ಆರು ಮಂದಿ ಹಿರಿಯರ ನಡುವೆ ಕುಳಿತು ನೋಡುತ್ತಾರೆ, ಎದುರಿಗೆ ಪೆಟ್ಟಿಗೆಯ ಬೆನ್ನು. ಹುಬ್ಬು ಗಂಟಿಕ್ಕಿತು. ಅದನ್ನು ಈ ಕಡೆ ತಿರುಗಿಸು ಎಂದು ಕೈಸನ್ನೆ ಮಾಡಿದರು.

ಲಾಲ್ ಅಹ್ಮದ್ ಎದ್ದು ನಿಂತರು. ಕಾಲುಗಳು ಪೆಟ್ಟಿಗೆಯ ಕಡೆಗೆ ಎರಡು ಹೆಜ್ಜೆ ಹೋಗಿಯೇಬಿಟ್ಟವು. ಇಪ್ಪತ್ತು ವರ್ಷದ ರೂಢಿ, ಹಿರಿಯರು ಕೈಯೆತ್ತಿದರೆ ಮೈ ತಾನೇ ಬಾಗುತ್ತದೆ. ಶ್ರುತಿ ಮಾಡುತ್ತಿದ್ದ ಪಂಡರಿಯ ಕೆಂಪು ಬೆರಳುಗಳು ಕಣ್ಣಿಗೆ ಬಿದ್ದವು. ಅವರು ಅಲ್ಲೇ ನಿಂತರು.

"ಇಲ್ರಿ ಸಾವ್ಕಾರ್ರ, ತಿರಗಸಂಗಿಲ್ರಿ. ಮಂಠಾಳದಾಗ ಹಿರ್ಯಾರ ಮಾತಿಗಿ ಭೋಂಗಾ ಇವನ ಕಡಿ ತಿರಗಿಸಿದ್ನಿ. ಅದಕ್ಕ ಅದು ಕಿರಚತು. ಇವನ ಕೈದು ತಪ್ಪಿರಲಿಲ್ರಿ, ತಪ್ಪು ನಂದು. ಗೊತ್ತಿದ್ದೂ ಸುಮ್ಕಿದ್ದೆ."

ಪಂಡರಿಯ ಕೈ ತಂತಿಯ ಮೇಲೆಯೇ ನಿಂತಿದೆ. ಅವನು ತನ್ನ ಬೆರಳುಗಳನ್ನೊಮ್ಮೆ ನೋಡಿಕೊಂಡ, ಲಾಲ್ ಅಹ್ಮದರನ್ನೊಮ್ಮೆ ನೋಡಿದ.

"ಒಂದ ವರ್ಸ, ಚಾಚಾ" ಎಂದ.

ಸಾವುಕಾರರು ಬಾಯೊಳಗಿನ ಎಲೆಯಡಿಕೆಯನ್ನು ನಿಧಾನವಾಗಿ ಅಗಿದರು. ಎಲ್ಲರೂ ಅವರ ಮುಖ ನೋಡುತ್ತಿದ್ದಾರೆ. ಈಗ ಏನಾದರೂ ಕಿರುಚಿದರೆ ನೀನು ಹುಮನಾಬಾದಿನ ಮೆಟ್ಟಿಲು ಹತ್ತಬೇಡ ಎಂದು ಗೊಣಗಿ, ತಮ್ಮ ಕುರ್ಚಿಯನ್ನು ತಾವೇ ಎತ್ತಿಕೊಂಡು ಕೆಳಗಿಳಿದರು. ಪೆಟ್ಟಿಗೆಯ ಮುಖದೆದುರು ಹಾಕಿಕೊಂಡು ಕುಳಿತರು. ಸ್ವಲ್ಪ ಹೊತ್ತಿಗೆ ಉಳಿದ ಹಿರಿಯರೂ ಒಬ್ಬೊಬ್ಬರಾಗಿ ಇಳಿದರು. ವೇದಿಕೆಯ ಮೇಲೆ ಪಂಡರಿ ಮತ್ತು ತಬಲಾ ಬಾರಿಸುವ ಉತ್ತಮನೆಂಬವನು, ಇಬ್ಬರೇ ಉಳಿದರು.

ಇಂಥ ಹೊತ್ತಿನಲ್ಲಿ ಲಾಲ್ ಅಹ್ಮದರನ್ನು ನೋಡಬಾರದು. ಚಳಿಗಾಲದ ಸಂಜೆ, ಹಣೆಯ ಮೇಲೆ ಬೆವರು. ತುಟಿ ಏನನ್ನೋ ಪಠಿಸುತ್ತಿದೆ. ಕೂದಲೆಳೆಯಷ್ಟು, ಇನ್ನೊಂದು ಕೂದಲೆಳೆಯಷ್ಟು ಎಂದು ಗುಂಡಿ ತಿರುಗಿಸುತ್ತಾರೆ. ಮೊದಲ ತಂತಿ ನುಡಿಯಿತು. ಪೆಟ್ಟಿಗೆಯೊಳಗೆ ಸಣ್ಣಗೆ ಒಂದು ಗುಂಯ್‌ಗುಟ್ಟುವಿಕೆ ಎದ್ದಿತು. ಗುಂಡಿಯನ್ನು ತುಸು ಹಿಂದಕ್ಕೆ ಎಳೆದರು. ಅದು ಅಡಗಿತು. ಆಮೇಲೆ ಕೇಳಿಸಿದ್ದು ಗಿಟಾರು ಮಾತ್ರ. ದಪ್ಪ ತಂತಿಯ ದನಿ, ಸಣ್ಣ ತಂತಿಯ ದನಿ, ಬೆರಳು ಜಾರುವ ಸಪ್ಪಳ ಸಹ. ಬಾವಿಕಟ್ಟೆಯ ಮೇಲೆ ಕೂಸನ್ನೆತ್ತಿಕೊಂಡು ನಿಂತಿದ್ದ ಹೆಂಗಸರಿಗೂ ಕೇಳಿಸಿತು. ಅವರು ಧಾಟಿ ಗುರುತು ಹಿಡಿದು, ತಮ್ಮಷ್ಟಕ್ಕೇ ಗುನುಗತೊಡಗಿದರು. ಸಾವುಕಾರರ ಎಲೆಯಡಿಕೆ ಬಾಯಲ್ಲೇ ನಿಂತಿತು. ಪಂಡರಿ ಮುಕ್ಕಾಲು ತಾಸು ಕಣ್ಣು ತೆರೆಯಲಿಲ್ಲ.

ಮುಗಿದ ಮೇಲೆ ಜನ ವೇದಿಕೆಗೆ ಮುತ್ತಿಕೊಂಡರು. ಇನ್ನೊಂದು ಧಾಟಿ ನುಡಿಸು ಎಂದು ಗಂಟುಬಿದ್ದರು, ಗಿಟಾರನ್ನು ಮುಟ್ಟಿ ನೋಡಿದರು. ಗುಂಪಿನ ನಡುವೆ ಪಂಡರಿಯ ತಲೆಯಷ್ಟೇ ಕಾಣುತ್ತಿದೆ. ಅವನು ತಮ್ಮನ್ನು ಕ್ಷಮಿಸಿದ್ದಾನೋ ಇಲ್ಲವೋ ಲಾಲ್ ಅಹ್ಮದರಿಗೆ ಗೊತ್ತಿಲ್ಲ. ಕೇಳುವ ಧೈರ್ಯವೂ ಇಲ್ಲ. ವಾಲ್ವುಗಳು ಆರುವವರೆಗೆ ಕಾದು, ಒಂದೊಂದಾಗಿ ಬಿಚ್ಚಿ ಹತ್ತಿಯಲ್ಲಿ ಸುತ್ತುತ್ತಿದ್ದಾರೆ.

ಸಾವುಕಾರರು ಹೂವಿನ ಹಾರ ಹಾಕಿದ್ದು ಪಂಡರಿಗೆ ಮಾತ್ರ. ಯಂತ್ರದವನ ಹೆಸರನ್ನು ಯಾರೂ ಎತ್ತಲಿಲ್ಲ. ಬೇಜಾರಾಯಿತೇ ಎಂದು ಕೇಳಿದರೆ ಲಾಲ್ ಅಹ್ಮದ್ ಇಲ್ಲವೆಂದು ತಲೆಯಾಡಿಸುತ್ತಾರೆ.

"ಭೋಂಗಾ ಕಿರಚಿದಾಗ ಇಡೀ ಮಂದಿ ನನ್ನ ಕಡಿ ತಿರಗಿ ನೋಡ್ತದರಿ. ಇವತ್ತ ಒಬ್ಬರೂ ನೋಡ್ಲಿಲ್ಲ. ಎಲ್ಲಾರೂ ಅವನ್ನ ನೋಡಾಕತ್ತಿದ್ರು."