ಒದ್ದೆ ಬಟ್ಟೆಯಲ್ಲಿ ಸುತ್ತಿದ ಬ್ಯಾಟರಿ

ನನ್ನ ತಾಯಿಯ ಬಗ್ಗೆ ನನಗಿರುವುದು ಒಂದೇ ನೆನಪು. ಕಲಬುರಗಿ ಕೋಟೆಯೊಳಗೆ, ಮಸೀದಿಯ ಕಮಾನುಗಳ ಕೆಳಗೆ, ಒಬ್ಬ ಹೆಂಗಸು ನನ್ನ ಕೈ ಹಿಡಿದು ನಡೆಸುತ್ತಿದ್ದಾಳೆ. ಹಸಿರು ಬಳೆ, ಬೆವರಿದ ಅಂಗೈ. ಮುಖ ಕಾಣುವುದಿಲ್ಲ. ನಾನು ಶಾಲೆಗೆ ಸೇರುವ ಮೊದಲೇ ತಾಯಿ ತೀರಿಕೊಂಡಿದ್ದಳು. ವಿಶ್ವವಿದ್ಯಾಲಯದಲ್ಲಿ ಓದುವಾಗ, ಪುರಾವೆಯಿಲ್ಲದ್ದನ್ನು ನಂಬದಿರುವುದು ಅಭ್ಯಾಸವಾಯಿತು. ಆಮೇಲೆ ಆ ಕೈಯ ಮೇಲೂ ಅನುಮಾನ ಶುರುವಾಯಿತು. ಅದು ತಾಯಿಯ ಕೈಯೇ ಎಂದು ನನಗೆ ಹೇಳಿದವರು ಯಾರು?

ಹೇಳಬಲ್ಲವಳು ಒಬ್ಬಳೇ ಉಳಿದಿದ್ದಳು, ಕಮಲಾಪುರದ ದೊಡ್ಡವ್ವ, ತಾಯಿಯ ಅಕ್ಕ. ಅವಳ ಮಾತನ್ನು ಕೇಳಿ ಬಂದರೆ ನಾಳೆ ನನ್ನ ಕಿವಿಯನ್ನೇ ನಾನು ನಂಬಲಿಕ್ಕಿಲ್ಲ. ಅದಕ್ಕೇ ಹೋದ ಬೇಸಿಗೆಯಲ್ಲಿ ವಿಡಿಯೊ ಕ್ಯಾಮರಾ ಹಿಡಿದುಕೊಂಡು ಹೋದೆ.

ಬ್ಯಾಟರಿ ಎರಡಿದ್ದವು. ಹಳೆಯದು ತುಂಬಿದೆ ಎಂದು ತೋರಿಸುತ್ತಲೇ ಒಮ್ಮೆಲೇ ಕೈಕೊಡುತ್ತದೆ. ಹೊಸದನ್ನು ಪೂರ್ತಿ ಬರಿದಾಗಲು ಬಿಡುವುದಿಲ್ಲ, ಚಾರ್ಜಿಗೆ ಹಾಕಿ ಮರೆಯುವುದಿಲ್ಲ, ಬಿಸಿಲಿಗಂತೂ ಇಡುವುದೇ ಇಲ್ಲ. ಅವತ್ತು ಬಸ್ಸಿನಲ್ಲಿ ಚೀಲವೇ ಕಾದುಹೋಗಿತ್ತು. ಮನೆ ಮುಟ್ಟಿದವನೇ ಹೊಸ ಬ್ಯಾಟರಿಯನ್ನು ದೊಡ್ಡವ್ವನ ಕೈಗೆ ಕೊಟ್ಟೆ.

“ಇದಕ್ಕ ಬಿಸಿ ತಾಕಬಾರ್ದು ದೊಡ್ಡವ್ವಾ. ಎಲ್ಲ್ಯಾರ ತಂಪಿನ್ಯಾಗ ಇಡು.”

ಹಳೆಯ ಬ್ಯಾಟರಿಯಲ್ಲಿ ಮನೆಯ ಗೋಡೆ, ಅಂಗಳದ ಚಿತ್ರ ತೆಗೆದುಕೊಂಡು, ಮುಖ್ಯ ಮಾತಿಗೆ ಹೊಸದನ್ನು ಹಾಕಬೇಕೆಂದುಕೊಂಡಿದ್ದೆ. ದೊಡ್ಡವ್ವನಿಗೆ ಅಷ್ಟು ತಾಳ್ಮೆ ಎಲ್ಲಿಯದು!

“ಏನ್ ಕೇಳಾಂವಿದ್ದಿ ಕೇಳೋ. ಗ್ವಾಡಿ ಏನ್ ಹೇಳ್ತದ ನಿನಗ?”

ಸಣ್ಣವನಿದ್ದಾಗ ನನ್ನನ್ನು ಕೋಟೆಗೆ ಕರೆದುಕೊಂಡು ಹೋದವರು ಯಾರು ಎಂದು ಕೇಳಿಯೇಬಿಟ್ಟೆ. ಅವಳು ಬಾಯೊಳಗಿನ ಎಲೆಯನ್ನು ದವಡೆಗೆ ಸರಿಸಿದಳು.

“ಅವತ್ತು ನಿಮ್ಮವ್ವಗ ಜ್ವರ ಬಂದಿತ್ತು...”

ಕ್ಯಾಮರಾದ ಪರದೆ ಕಪ್ಪಾಯಿತು.

“ತಡಿ ದೊಡ್ಡವ್ವಾ! ಆ ಹೊಸಾದು ಎಲ್ಲಿಟ್ಟಿ?”

“ಅಡಗಿಮನ್ಯಾಗ. ಎಲಿ ಸಂಗಾಟ.”

ಒಳಗೆ ನೀರಿನ ಕೊಡದ ಪಕ್ಕದಲ್ಲಿ ಒಂದು ಒದ್ದೆ ಬಟ್ಟೆಯ ಗಂಟಿತ್ತು. ಬಿಚ್ಚಿದರೆ ವೀಳ್ಯದೆಲೆಗಳ ನಡುವೆ ನನ್ನ ಬ್ಯಾಟರಿ, ತಣ್ಣಗೆ, ನೀರಿಳಿಸುತ್ತ. ಎಲೆ ಬಾಡದಂತೆ ಅವಳು ಇಡುವುದು ಹಾಗೆಯೇ. ನನ್ನ ವಸ್ತುವಿಗೂ ಅದೇ ಉಪಚಾರ ನಡೆದಿತ್ತು. ಅಂಗಿಯ ಚುಂಗಿನಿಂದ ಅದರ ಲೋಹದ ತುದಿಗಳನ್ನು ಒರೆಸಿದೆ, ಊದಿದೆ, ಮತ್ತೆ ಒರೆಸಿದೆ. ಹೊರಗೆ ಅವಳ ದನಿ ನಿಂತಿರಲಿಲ್ಲ. ಸತ್ತ ಕ್ಯಾಮರಾದ ಮುಂದೆ ಹೇಳುತ್ತಲೇ ಇದ್ದಳು.

“...ಅಕಿಗಿ ಏಳಾಕ ಆಗ್ಲಿಲ್ಲ. ನಾನೇ ಕರ್ಕೊಂಡು ಹೋದೆ. ದಾರಿತುಂಬಾ ನನಗೇ ಅವ್ವಾ ಅವ್ವಾ ಅಂದಿ...”

ಹಾಗೆ ಕೇಳಿಸಿತು. ರಸ್ತೆಯಲ್ಲಿ ಮಹಾಗಾಂವ ಕಡೆಯ ಟೆಂಪೊ ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಹಾಗೆ ಕೇಳಿಸಿತು ಎಂದಷ್ಟೇ ಬರೆಯಬಲ್ಲೆ.

ಹೊರಗೆ ಬಂದಾಗ ಅವಳು, “ಹೇಳಿ ಮುಗೀತಲ್ಲೋ” ಎಂದಳು.

“ಕ್ಯಾಮರಾ ಬಂದ್ ಆಗಿತ್ತು.”

“ಹಂಗಾರ ಇಷ್ಟೊತ್ತನ ಯಾರ ಮುಂದ ಒದರಿದ್ನೋ ಯಪ್ಪಾ! ಇಷ್ಟ್ ಓದಿದಿ, ಒಂದು ಡಬ್ಬಿ ಚಾಲೂ ಇಡಾಕ ಬರಲ್ಲ.”

ಪುಣ್ಯಕ್ಕೆ ಬ್ಯಾಟರಿ ಕೆಟ್ಟಿರಲಿಲ್ಲ. ಕೆಂಪು ದೀಪ ಹತ್ತಿತು. ಮತ್ತೆ ಅದೇ ಪ್ರಶ್ನೆ ಕೇಳಿದೆ. ನನ್ನ ದನಿ ಸರಿಯಾಗಿತ್ತೋ ಇಲ್ಲವೋ. ಅವಳು ಎಲೆಯನ್ನು ಇನ್ನೊಂದು ದವಡೆಗೆ ಸರಿಸಿದಳು.

“ನಿಮ್ಮವ್ವನೇ. ಮತ್ಯಾರು?”

“ಜ್ವರ ಬಂದಿತ್ತು ಅಂದ್ಯಲ್ಲ?”

“ಇಳದಿತ್ತು. ಇಳದ ಮ್ಯಾಲೇ ಹೋದ್ಲು. ಹಸರ ಬಳಿ ಹಾಕ್ಕೊಂಡಿದ್ಲು.”

ಬಳೆಯ ವಿಷಯ ನಾನು ಅವಳಿಗೆ ಎಂದಾದರೂ ಹೇಳಿದ್ದೆನೇ? ಗೊತ್ತಿಲ್ಲ. ನಾನೇ ಹೇಳಿದ್ದರೆ ಅವಳ ಸಾಕ್ಷ್ಯಕ್ಕೆ ಬೆಲೆಯಿಲ್ಲ. ಹೇಳಿರದಿದ್ದರೆ ಅದಕ್ಕಿಂತ ದೊಡ್ಡ ಪುರಾವೆ ನನಗೆ ಬೇಕಿಲ್ಲ. ಮತ್ತೊಮ್ಮೆ ಕೇಳಲು ಧೈರ್ಯವಾಗಲಿಲ್ಲ.

ಕಲಬುರಗಿಗೆ ಬಂದ ಮೇಲೆ ಆ ತುಣುಕನ್ನು ಮತ್ತೆ ಮತ್ತೆ ನೋಡಿದ್ದೇನೆ. ಚಿತ್ರ ಸ್ವಚ್ಛವಾಗಿದೆ, ಒಂದು ಅಕ್ಷರವೂ ತಪ್ಪದೆ ಕೇಳಿಸುತ್ತದೆ. ಉತ್ತರ ಕೊಡುವ ಮುನ್ನ ದೊಡ್ಡವ್ವ ಲೆನ್ಸನ್ನು ನೋಡುತ್ತಿಲ್ಲ, ಅದರ ಪಕ್ಕದಲ್ಲಿದ್ದ ನನ್ನನ್ನು ನೋಡುತ್ತಿದ್ದಾಳೆ. ನೋಡುತ್ತ ನೋಡುತ್ತ ಅವಳ ಮುಖ ಮೆತ್ತಗಾಗುತ್ತದೆ. ಆಗ ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತೋ, ಅದು ಎಲ್ಲೂ ದಾಖಲಾಗಿಲ್ಲ. ಕ್ಯಾಮರಾ ಅವಳ ಕಡೆ ತಿರುಗಿತ್ತು.